ಮನೆಯ ದೀಪಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಸ ಮನೆ ಕಟ್ಟುತ್ತಿರುವವರು, ಹಳೆಯ ಮನೆಯನ್ನು ದುರಸ್ತಿ ಮಾಡಿಸುತ್ತಿರುವವರು ಮತ್ತು ಮನೆಯ ಹಿರಿಯರ ಕಣ್ಣಿನ ಬಗ್ಗೆ ಚಿಂತೆಯಲ್ಲಿರುವವರು ಬರೆದ ಪತ್ರಗಳಿಗೆ ಈ ಸಲ ಉತ್ತರಿಸಿದ್ದೇನೆ. ಬಹುಪಾಲು ಪತ್ರಗಳು ‘ಎಷ್ಟು ವ್ಯಾಟಿನ ದೀಪ ಹಾಕಿಸಬೇಕು?’ ಎಂದೇ ಆರಂಭವಾಗುವುದರಿಂದ, ಅಳತೆಗಳ ವಿಷಯವನ್ನು ಮೊದಲಿಗೇ ತಿಳಿಸಿಬಿಡುವುದು ಒಳ್ಳೆಯದು. ವ್ಯಾಟ್ ಎಂಬುದು ದೀಪ ಬಳಸುವ ವಿದ್ಯುತ್ತಿನ ಅಳತೆ. ಅದು ಹೊಮ್ಮಿಸುವ ಬೆಳಕಿನ ಅಳತೆಗೆ ಲ್ಯೂಮೆನ್ ಎಂದು ಹೆಸರು. ಹಳೆಯ 60 ವ್ಯಾಟಿನ ಬುರುಡೆ ಬಲ್ಬು ಸುಮಾರು 700 ಲ್ಯೂಮೆನ್ ಬೆಳಕು ಕೊಡುತ್ತಿತ್ತು. ಇಂದಿನ 9 ವ್ಯಾಟಿನ ಎಲ್‌ಇಡಿ ಬಲ್ಬು 800ರಿಂದ 900 ಲ್ಯೂಮೆನ್ ಕೊಡುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅಲ್ಲಿನ ಬೆಳಕು ಒಂದು ಲಕ್ಸ್ ಎನಿಸಿಕೊಳ್ಳುತ್ತದೆ. ನಮ್ಮ ದೇಶದ ಮಾನದಂಡಗಳು ಮೆಟ್ಟಿಲುಗಳಿಗೆ 100, ಅಡುಗೆಮನೆಗೆ 200, ಮಕ್ಕಳ ಓದುಬರಹಕ್ಕೆ 300, ಹೊಲಿಗೆಗೆ 700 ಲಕ್ಸ್ ಎಂದು ಸೂಚಿಸುತ್ತವೆ. ಈ ಅಂಕಿಗಳನ್ನು ಅಲ್ಲಲ್ಲಿ ನಡೆಯುವ ಕೆಲಸವನ್ನು ನೋಡಿ ನಿಗದಿಪಡಿಸಲಾಗಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಕೆಳಗಿನ ಎಲ್ಲ ಉತ್ತರಗಳೂ ಆ ಒಂದು ಅಂಶವನ್ನೇ ಹಿಡಿದು ಸಾಗುತ್ತವೆ.

ಪ್ರಶ್ನೆ: ನಮ್ಮದು 10 ಅಡಿ ಉದ್ದ, 8 ಅಡಿ ಅಗಲದ ಅಡುಗೆಮನೆ. ಬಾಗಿಲ ಮೇಲಿನ ಗೋಡೆಯಲ್ಲಿ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಇದೆ. ರಾತ್ರಿ ತರಕಾರಿ ಹೆಚ್ಚುವಾಗ, ಅಕ್ಕಿ ಆರಿಸುವಾಗ ಏನೂ ಸರಿಯಾಗಿ ಕಾಣುವುದಿಲ್ಲ. ನಮ್ಮ ಯಜಮಾನರು ಅದನ್ನು ತೆಗೆದು 40 ವ್ಯಾಟಿನದು ಹಾಕಿಸೋಣ ಎನ್ನುತ್ತಿದ್ದಾರೆ. ಹಾಕಿಸಬಹುದೇ?
– ಗೃಹಿಣಿ, ಹಾಸನ

ಉತ್ತರ: ಈಗಲೇ ಹಾಕಿಸಬೇಡಿ. ಬಾಗಿಲಿನ ಎದುರು ಗೋಡೆಗೆ ನಿಮ್ಮ ಅಡುಗೆ ಕಟ್ಟೆ ಇರಬೇಕು ಎಂದು ಪತ್ರದಿಂದ ಊಹಿಸಿದ್ದೇನೆ. ಹಾಗಿದ್ದರೆ ನೀವು ಒಲೆಯ ಮುಂದೆ ನಿಂತಾಗ ದೀಪ ನಿಮ್ಮ ಬೆನ್ನ ಹಿಂದೆ ಉಳಿಯುತ್ತದೆ ಮತ್ತು ನಿಮ್ಮದೇ ನೆರಳು ತರಕಾರಿ ಹೆಚ್ಚುವ ಮಣೆಯ ಮೇಲೆ ಬೀಳುತ್ತದೆ. ಅದೇ ಜಾಗದಲ್ಲಿ ಎರಡು ಪಟ್ಟು ದೊಡ್ಡ ದೀಪವನ್ನು ಹಾಕಿಸಿದರೂ ನೆರಳು ಅಲ್ಲೇ ಇರುತ್ತದೆ. ಸುತ್ತಲಿನ ಗೋಡೆಗಳು ಬೆಳಗುವುದರಿಂದ ಅದು ಇನ್ನಷ್ಟು ಕಪ್ಪಾಗಿ ಕಾಣುತ್ತದೆ.

ಲೆಕ್ಕವನ್ನೂ ನೋಡೋಣ. 80 ಚದರಡಿ ಎಂದರೆ ಸುಮಾರು 7.4 ಚದರ ಮೀಟರ್. ಅದಕ್ಕೆ 200 ಲಕ್ಸ್‌ನಂತೆ 1,500 ಲ್ಯೂಮೆನ್ ಬೇಕು. ಆದರೆ ದೀಪದಿಂದ ಹೊರಟ ಬೆಳಕಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಗೋಡೆ, ಕಪಾಟು, ಜಿಡ್ಡು ಮತ್ತು ಧೂಳು ನುಂಗುತ್ತವೆಯಾದ್ದರಿಂದ 3,000 ಲ್ಯೂಮೆನ್ ಎಂದು ಇಟ್ಟುಕೊಳ್ಳುವುದು ಕ್ಷೇಮ. ನಿಮ್ಮ ಟ್ಯೂಬು ಈಗಾಗಲೇ ಸುಮಾರು 2,000 ಲ್ಯೂಮೆನ್ ಕೊಡುತ್ತಿದೆ. ಉಳಿದ ಸಾವಿರವನ್ನು ಕಟ್ಟೆಯ ಮೇಲೆಯೇ ನೇರವಾಗಿ ಬೀಳುವಂತೆ ಮಾಡಿದರೆ ಸಾಕು. ಕಟ್ಟೆಯ ಮೇಲಿನ ಕಪಾಟಿನ ತಳಕ್ಕೆ 10 ವ್ಯಾಟಿನ ಎಲ್‌ಇಡಿ ಪಟ್ಟಿಯನ್ನು, ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿ ಹಾಕಿಸಿ. ಅದು ಗೋಡೆಯ ಮೂಲೆಗೆ ಬಾರದೆ ಕಪಾಟಿನ ಮುಂದಿನ ಅಂಚಿಗೆ ಹತ್ತಿರವಿರಬೇಕು. ಮುಂಭಾಗದಲ್ಲಿ ಒಂದೂವರೆ ಅಂಗುಲದ ಮರೆ ಕೊಟ್ಟರೆ ನಿಂತವರ ಕಣ್ಣಿಗೆ ದೀಪ ಹೊಡೆಯುವುದಿಲ್ಲ. ಹಾಲುಬಣ್ಣದ ಮುಚ್ಚಳ ಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಬಹುತೇಕ ಮನೆಗಳ ಕಟ್ಟೆ ನಯವಾದ ಕಪ್ಪು ಗ್ರಾನೈಟಿನದು. ಬರಿಯ ಪಟ್ಟಿಯನ್ನು ಹಾಕಿಸಿದರೆ ಅದರ ಒಂದೊಂದು ಚುಕ್ಕಿಯೂ ಕಲ್ಲಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ಒಲೆಯ ನೇರ ಮೇಲಕ್ಕೆ ಮಾತ್ರ ಪಟ್ಟಿ ಬೇಡ. ಬಿಸಿ ಮತ್ತು ಎಣ್ಣೆಯ ಹಬೆಗೆ ಅದು ಬೇಗ ಹಾಳಾಗುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳನ್ನು ನೋಡಿ. ಮೊದಲನೆಯದು ಬೆಳಕಿನ ಬಣ್ಣವನ್ನು ತಿಳಿಸುವ ಕೆಲ್ವಿನ್: 2700 ಎಂದರೆ ಹಳೆಯ ಬುರುಡೆ ಬಲ್ಬಿನ ಹಳದಿ, 4000 ಎಂದರೆ ತಿಳಿ ಬಿಳಿ, 6500 ಎಂದರೆ ನೀಲಿ ಬೆರೆತ ಬಿಳಿ. ಅಡುಗೆಮನೆಗೆ 4000 ಹಿತವಾಗಿರುತ್ತದೆ. ಎರಡನೆಯದು ಸಿಆರ್‌ಐ. ವಸ್ತುಗಳ ನಿಜವಾದ ಬಣ್ಣವನ್ನು ದೀಪವೊಂದು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬುದನ್ನು ಅದು 100ಕ್ಕೆ ಇಷ್ಟು ಎಂದು ಹೇಳುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 80ರದು. ತುಸು ಹೆಚ್ಚು ಹಣ ಕೊಟ್ಟರೆ 90ರದು ದೊರೆಯುತ್ತದೆ. ಮನೆಯ ಬೇರೆಲ್ಲ ಕಡೆ ಉಳಿತಾಯ ಮಾಡಿದರೂ ಅಡುಗೆ ಕಟ್ಟೆಗೆ ಮಾತ್ರ 90ರದನ್ನೇ ಹಾಕಿಸಿ ಎಂದು ನಾನು ಒತ್ತಾಯದಿಂದ ಹೇಳುತ್ತೇನೆ. ಒಗ್ಗರಣೆಯ ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿತೇ, ಸೊಪ್ಪಿನ ಎಲೆ ಬಾಡಿದೆಯೇ ಎಂಬುದನ್ನು ದಿನಕ್ಕೆ ಹತ್ತು ಬಾರಿ ಕಣ್ಣಿನಿಂದಲೇ ತೀರ್ಮಾನಿಸುವವರು ನೀವು.

ಪ್ರಶ್ನೆ: ನನ್ನ ತಾಯಿಯವರಿಗೆ 72 ವರ್ಷ. ಕಣ್ಣಿನ ಪೊರೆ ಆರಂಭದ ಹಂತದಲ್ಲಿದೆ, ಶಸ್ತ್ರಚಿಕಿತ್ಸೆಗೆ ಇನ್ನೂ ಸಮಯವಿದೆ ಎಂದು ವೈದ್ಯರು ತಿಳಿಸಿದ್ದಾರೆ. ಓದಲು ಬೆಳಕು ಸಾಲದು ಎನ್ನುತ್ತಿದ್ದರೆಂದು ಅವರ ಕೋಣೆಗೆ ಇನ್ನೊಂದು ಪ್ರಖರವಾದ ಬಿಳಿ ದೀಪವನ್ನು ಹಾಕಿಸಿದೆ. ಈಗ ಕಣ್ಣು ಚುಚ್ಚುತ್ತದೆ, ಆದರೂ ಅಕ್ಷರ ಕಾಣುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಧಾರವಾಡ

ಉತ್ತರ: ನಿಮ್ಮ ತಾಯಿಯವರು ಹೇಳುತ್ತಿರುವ ಎರಡು ಮಾತುಗಳೂ ನಿಜ, ಅವುಗಳಲ್ಲಿ ವಿರೋಧವಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಇದರಿಂದಾಗಿ ಅರವತ್ತು ದಾಟಿದವರ ಅಕ್ಷಿಪಟಲವನ್ನು ತಲುಪುವ ಬೆಳಕು ಇಪ್ಪತ್ತು ವರ್ಷದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಆದ್ದರಿಂದ ಅವರಿಗೆ ಹೆಚ್ಚು ಬೆಳಕು ಬೇಕು. ಇನ್ನೊಂದೆಡೆ, ಪೊರೆಯ ಮಂಜು ಕಣ್ಣಿನೊಳಗೆ ಬಂದ ಬೆಳಕನ್ನು ಚದುರಿಸುತ್ತದೆ. ಎದುರಿಗೆ ಒಂದು ಬೆತ್ತಲೆ ದೀಪವಿದ್ದರೆ ಅದರ ಚದುರಿದ ಬೆಳಕೇ ಇಡೀ ನೋಟದ ಮೇಲೆ ತೆಳು ತೆರೆಯಂತೆ ಹರಡಿ ಅಕ್ಷರಗಳನ್ನು ಮಸುಕಾಗಿಸುತ್ತದೆ. ಹಾಗಾಗಿ ಪುಟದ ಮೇಲೆ ಬೆಳಕು ಹೆಚ್ಚಬೇಕು, ಕಣ್ಣಿಗೆ ನೇರವಾಗಿ ಬೀಳುವ ಬೆಳಕು ತಗ್ಗಬೇಕು. ಚಾವಣಿಯಲ್ಲಿ ಎಷ್ಟು ದೀಪ ಕೂಡಿಸಿದರೂ ಈ ಎರಡೂ ಒಟ್ಟಿಗೆ ಆಗುವುದಿಲ್ಲ.

ಅವರು ಕೂರುವ ಕುರ್ಚಿಯ ಪಕ್ಕದಲ್ಲಿ, ಹೆಗಲಿಗಿಂತ ತುಸು ಹಿಂದಕ್ಕೆ, ಬಗ್ಗಿಸಬಹುದಾದ ಕತ್ತಿನ ಒಂದು ಓದುವ ದೀಪವನ್ನು ಇಡಿ. ಅದಕ್ಕೆ ಒಳಗಿನ ಬಲ್ಬು ಯಾವ ಕಡೆಯಿಂದಲೂ ಕಾಣದಂತಹ ಆಳವಾದ ಟೊಪ್ಪಿಗೆ ಇರಲಿ. 4000 ಕೆಲ್ವಿನ್‌ನ 7 ಅಥವಾ 9 ವ್ಯಾಟಿನ ಬಲ್ಬು ಸಾಕು. ಇಷ್ಟು ಚಿಕ್ಕದು ಸಾಲುತ್ತದೆಯೇ ಎಂಬ ಸಂದೇಹ ನಿಮಗೆ ಬರಬಹುದು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ ಎಂಬ ನಿಯಮವನ್ನು ಶಾಲೆಯಲ್ಲಿ ಓದಿರುತ್ತೀರಿ. ಅದೇ ಬಲ್ಬು ಪುಸ್ತಕದಿಂದ ಆರು ಅಡಿ ಮೇಲಿರುವುದಕ್ಕಿಂತ ಒಂದೂವರೆ ಅಡಿ ದೂರದಲ್ಲಿದ್ದಾಗ ಪುಟದ ಮೇಲೆ ಹದಿನಾರು ಪಟ್ಟು ಬೆಳಕು ಬೀಳುತ್ತದೆ. ನೀವು ಹೊಸದಾಗಿ ಹಾಕಿಸಿದ ದೀಪಕ್ಕೆ ಹಾಲುಗಾಜಿನ ಮುಚ್ಚಳ ಹಾಕಿಸಿ, ಇಲ್ಲವೇ ಅದನ್ನು ಮೇಲ್ಮುಖವಾಗಿ ತಿರುಗಿಸಿ ಬಿಳಿ ಚಾವಣಿಯಿಂದ ಬೆಳಕು ಕೆಳಗಿಳಿಯುವಂತೆ ಮಾಡಿಸಿ. ಅದನ್ನು ಪೂರ್ತಿ ಆರಿಸಿ ಓದುವ ದೀಪವೊಂದನ್ನೇ ಉರಿಸುವುದೂ ಸರಿಯಲ್ಲ. ಬೆಳಗುವ ಪುಟದಿಂದ ಕತ್ತಲೆಯ ಕೋಣೆಗೆ ಕಣ್ಣೆತ್ತಿದಾಗ ಹೊಂದಿಕೊಳ್ಳಲು ಹಿರಿಯರ ಕಣ್ಣಿಗೆ ಬಹಳ ಹೊತ್ತು ಹಿಡಿಯುತ್ತದೆ.

ನೀವು ಕೇಳದಿದ್ದರೂ ರಾತ್ರಿಯ ವಿಷಯವನ್ನು ಬರೆಯದಿರಲಾರೆ. ನಡುರಾತ್ರಿ ಎದ್ದು ಬಚ್ಚಲುಮನೆಗೆ ಹೋಗುವ ದಾರಿಯಲ್ಲಿಯೇ ಹಿರಿಯರು ಹೆಚ್ಚಾಗಿ ಎಡವುವುದು. ಮಲಗಿದಲ್ಲಿಂದಲೇ ಕೈಗೆ ಸಿಗುವಂತೆ ಟೂ-ವೇ ಸ್ವಿಚ್ (ಒಂದೇ ದೀಪವನ್ನು ಎರಡು ಕಡೆಯಿಂದ ಹಾಕಿ ಆರಿಸುವಂಥದ್ದು) ಒಂದನ್ನು ಮಂಚದ ಪಕ್ಕಕ್ಕೆ ಹಾಕಿಸಿ. ಹಾಸಿಗೆಯಿಂದ ಬಚ್ಚಲಿನವರೆಗೆ, ನೆಲದಿಂದ ಒಂದಡಿ ಎತ್ತರದಲ್ಲಿ, ಜನ ನಡೆದಾಗ ತಾನೇ ಹೊತ್ತಿಕೊಳ್ಳುವ ಹಳದಿ ಬಣ್ಣದ ಪುಟ್ಟ ದೀಪಗಳನ್ನು ಹಾಕಿಸಿ. ಇಲ್ಲಿ ನೀಲಿ ಬೆರೆತ ಬಿಳಿ ಬೆಳಕು ಖಂಡಿತ ಬೇಡ. ಹಗಲಾಗಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಕಣ್ಣಿನ ಕೋಶಗಳು ನೀಲಿ ಬೆಳಕಿಗೇ ಹೆಚ್ಚು ಸ್ಪಂದಿಸುತ್ತವೆ. ಅವು ಎಚ್ಚೆತ್ತರೆ ಮತ್ತೆ ನಿದ್ದೆ ಹತ್ತುವುದು ಕಷ್ಟ. ಹೊಸ್ತಿಲು ಮತ್ತು ಮೆಟ್ಟಿಲಿನ ಅಂಚುಗಳು ನೆಲದ ಬಣ್ಣದವೇ ಆಗಿದ್ದರೆ ಅಲ್ಲಿ ಒಂದು ಬಿಳಿ ಪಟ್ಟಿಯನ್ನು ಎಳೆಸಿ. ವೈದ್ಯರ ತಪಾಸಣೆಯನ್ನಂತೂ ತಪ್ಪಿಸಬೇಡಿ.

ಪ್ರಶ್ನೆ: ಹೊಸ ಮನೆಯ ಹಾಲ್ 18 ಅಡಿ ಉದ್ದ, 12 ಅಡಿ ಅಗಲವಿದೆ. ಫಾಲ್ಸ್ ಸೀಲಿಂಗ್ ಮಾಡುವವರು 12 ವ್ಯಾಟಿನ ಹದಿನಾರು ದೀಪಗಳನ್ನು ನಾಲ್ಕು ಸಾಲಿನಲ್ಲಿ ಕೂರಿಸುವುದಾಗಿ ಹೇಳುತ್ತಿದ್ದಾರೆ. ಗಾರೆ ಕೆಲಸ ಇನ್ನೂ ಮುಗಿದಿಲ್ಲ. ತಮ್ಮ ಸಲಹೆ ಏನು?
– ಓದುಗರು, ತುಮಕೂರು

ಉತ್ತರ: ಗಾರೆ ಮುಗಿಯುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಗೋಡೆಯೊಳಗೆ ಪೈಪು ಕೂರಿಸಲು ಇನ್ನೂ ಅವಕಾಶವಿದೆ. ಹದಿನಾರು ದೀಪಗಳಿಂದ ಸುಮಾರು 16,000 ಲ್ಯೂಮೆನ್ ಬರುತ್ತದೆ. ನಿಮ್ಮ ಹಾಲ್‌ನ 20 ಚದರ ಮೀಟರಿಗೆ 150 ಲಕ್ಸ್‌ನಂತೆ ಹಿಡಿದು, ವ್ಯರ್ಥವಾಗುವುದನ್ನು ಸೇರಿಸಿದರೂ 4,500 ದಾಟುವುದಿಲ್ಲ. ಮೂರು ಪಟ್ಟಿಗಿಂತ ಹೆಚ್ಚು ಬೆಳಕು, ಅದೂ ನೆತ್ತಿಯ ಮೇಲಿನಿಂದ ನೇರವಾಗಿ ಬೀಳುವಂಥದ್ದು, ಕುಳಿತವರ ಕಣ್ಣಿನ ಕೆಳಗೆ ಮತ್ತು ಮೂಗಿನ ಕೆಳಗೆ ನೆರಳು ಬೀಳಿಸಿ ಮುಖಗಳನ್ನು ದಣಿದಂತೆ ತೋರಿಸುತ್ತದೆ. ಬಂದವರೊಡನೆ ಕುಳಿತು ಮಾತಾಡುವ ಜಾಗದಲ್ಲಿ ಮುಖ ಚೆನ್ನಾಗಿ ಕಾಣಬೇಕು ಎಂಬುದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ.

ಆರು ದೀಪಗಳನ್ನು ಉದ್ದದ ಗೋಡೆಗಳಿಂದ ಎರಡಡಿ ದೂರದಲ್ಲಿ ಕೂರಿಸಿ. 7 ವ್ಯಾಟಿನವು ಸಾಕು. ಅವುಗಳ ಬೆಳಕು ತಿಳಿಬಣ್ಣದ ಗೋಡೆಯನ್ನು ತೊಳೆದು ಅಲ್ಲಿಂದ ಮೃದುವಾಗಿ ಕೋಣೆಗೆ ಮರಳುತ್ತದೆ. ಗೋಡೆಯಲ್ಲಿ ಆರೂವರೆ ಅಡಿ ಎತ್ತರದಲ್ಲಿ ಎರಡು ಕಡೆ ಗೋಡೆದೀಪಕ್ಕೆ ಪಾಯಿಂಟ್ ಬಿಡಿಸಿ, ಸೋಫಾದ ಒಂದು ತುದಿಯಲ್ಲಿ ಓದುವ ದೀಪಕ್ಕೆ ಪ್ಲಗ್ ಇರಲಿ. ಚಾವಣಿಯ ದೀಪ, ಗೋಡೆಯ ದೀಪ, ಓದುವ ದೀಪ ಮೂರಕ್ಕೂ ಬೇರೆ ಬೇರೆ ಸ್ವಿಚ್ ಕೊಡಿಸಿ. ಹಬ್ಬದ ದಿನ ಎಲ್ಲವನ್ನೂ ಹಾಕಿಕೊಳ್ಳುವಿರಿ, ಉಳಿದ ದಿನ ಒಂದೋ ಎರಡೋ ಸಾಕಾಗುತ್ತವೆ. ಇಡೀ ಹಾಲ್‌ಗೆ ಒಂದೇ ಬಣ್ಣ, 3000 ಅಥವಾ 4000 ಕೆಲ್ವಿನ್, ಇರಲಿ. ಹಳದಿ ದೀಪ ಮತ್ತು ನೀಲಿಬಿಳಿ ದೀಪಗಳನ್ನು ಪಕ್ಕಪಕ್ಕದಲ್ಲಿ ಬೆರೆಸಿದರೆ ಗೋಡೆಗಳು ಕಲೆಯಾದಂತೆ ಕಾಣುತ್ತವೆ.

ಫ್ಯಾನಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಾಮಾನ್ಯ ಸೀಲಿಂಗ್ ಫ್ಯಾನಿನ ರೆಕ್ಕೆಗಳು 1,200 ಮಿಲಿಮೀಟರ್ ಅಗಲದ ವೃತ್ತದಲ್ಲಿ ತಿರುಗುತ್ತವೆ. ಆ ವೃತ್ತದ ಮೇಲೆ ಅಥವಾ ಅದಕ್ಕೆ ತೀರಾ ಸಮೀಪದಲ್ಲಿ ದೀಪವಿದ್ದರೆ ರೆಕ್ಕೆಯ ನೆರಳು ಇಡೀ ಕೋಣೆಯಲ್ಲಿ ಮಿಣುಕುತ್ತಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ತಲೆನೋವು ಬರುತ್ತದೆ. ಆದ್ದರಿಂದ ಫ್ಯಾನಿನ ನಡುವಿನಿಂದ ಕನಿಷ್ಠ ಮೂರಡಿ ಬಿಟ್ಟು ದೀಪಗಳನ್ನು ಗುರುತು ಹಾಕಿಸಿ. ಮುಚ್ಚಿದ ಚಾವಣಿಯೊಳಗೆ ಬಿಸಿ ನಿಲ್ಲುವುದರಿಂದ ದೀಪದ ಒಳಗಿನ ಡ್ರೈವರ್, ಅಂದರೆ ಮನೆಯ ವಿದ್ಯುತ್ತನ್ನು ಎಲ್‌ಇಡಿಗೆ ಹೊಂದುವಂತೆ ಮಾರ್ಪಡಿಸುವ ಭಾಗ, ಎಲ್‌ಇಡಿಗಿಂತ ಮೊದಲು ಕೆಡುತ್ತದೆ. ಅದನ್ನು ಹೊರಗೆಳೆದು ಬದಲಿಸಲು ಆಗುವಂತಹ ಮಾದರಿಯನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಹಳೆಯ ಹೆಂಚಿನ ಮನೆ. ನಡುಮನೆಯ ಮಾಡು 18 ಅಡಿ ಎತ್ತರ, ಗೋಡೆಯ ಕೆಳಭಾಗ ಮತ್ತು ಕಂಬಗಳು ಕಪ್ಪು ಮರದವು, ನೆಲ ಕೆಂಪು ಕಾವಿಯದು. ಹಗಲಿನಲ್ಲಿಯೂ ಕತ್ತಲೆ, ರಾತ್ರಿ ತೊಲೆಗೆ ಕಟ್ಟಿದ ಎರಡು ಟ್ಯೂಬ್‌ಲೈಟ್ ಹಾಕಿದರೂ ಕತ್ತಲೆ. ಮನೆಯ ಚೆಲುವು ಕೆಡದಂತೆ ಬೆಳಕು ತರುವುದು ಹೇಗೆ?
– ಕೃಷಿಕರು, ತೀರ್ಥಹಳ್ಳಿ

ಉತ್ತರ: ಚೆಲುವು ಕೆಡಬಾರದು ಎಂದು ನೀವು ಬರೆದದ್ದು ನನಗೆ ಸಂತೋಷ ತಂದಿದೆ. ಬಿಳಿ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲನ್ನು ಹಿಂದಿರುಗಿಸಿದರೆ, ಕಪ್ಪು ಮರ ಮತ್ತು ಕಾವಿ ನೆಲ ಹತ್ತರಲ್ಲಿ ಒಂದೋ ಎರಡೋ ಪಾಲನ್ನಷ್ಟೇ ಹಿಂದಿರುಗಿಸುತ್ತವೆ. ತೊಲೆಯ ಮೇಲಿನ ಟ್ಯೂಬುಗಳ ಬೆಳಕು ಕೆಳಗಿನ ಕಪ್ಪಿನಲ್ಲಿ ಅಡಗಿಹೋಗುತ್ತದೆ. ಮರಕ್ಕೆ ದಯವಿಟ್ಟು ಬಿಳಿ ಬಣ್ಣ ಬಳಿಸಬೇಡಿ.

ಹಗಲಿಗೆ ನಿಮ್ಮ ಊರಿನಲ್ಲಿ ಹಿರಿಯರು ಕಂಡುಕೊಂಡ ಉಪಾಯವೇ ಉತ್ತಮ: ಗಾಜಿನ ಹೆಂಚು. ಸಾಧಾರಣ ಮೋಡವಿರುವ ಹಗಲಿನಲ್ಲಿಯೂ ಹೊರಗೆ 10,000 ಲಕ್ಸ್‌ನಷ್ಟು ಬೆಳಕಿರುತ್ತದೆ. ಒಂದು ಚದರ ಮೀಟರ್ ಮಾಡಿಗೆ ಸುಮಾರು ಹದಿನೈದು ಮಂಗಳೂರು ಹೆಂಚುಗಳು ಹಿಡಿಯುತ್ತವೆ. ಆ ಲೆಕ್ಕದಲ್ಲಿ, ಗಾಜಿನಲ್ಲಿ ಕಳೆದುಹೋಗುವುದನ್ನು ಬಿಟ್ಟರೂ, ಒಂದೇ ಒಂದು ಗಾಜಿನ ಹೆಂಚಿನಿಂದ ಹಳೆಯ 40 ವ್ಯಾಟಿನ ಬಲ್ಬಿನಷ್ಟು ಬೆಳಕು ಬಿಡಿಗಾಸಿನ ಖರ್ಚಿಲ್ಲದೆ ಒಳಗಿಳಿಯುತ್ತದೆ. ಉತ್ತರಕ್ಕೆ ಇಳಿಯುವ ಮಾಡಿನಲ್ಲಿ ಐದಾರು ಹೆಂಚುಗಳನ್ನು ಒಂದೇ ಕಡೆ ಗುಂಪು ಹಾಕದೆ ದೂರ ದೂರ ಕೂರಿಸಿ. ಪಶ್ಚಿಮದ ಇಳಿಜಾರಿನಲ್ಲಿ ಹಾಕಿದರೆ ಬೇಸಿಗೆಯ ಮಧ್ಯಾಹ್ನದ ಬಿಸಿಲು ಒಳಗೆ ಬರುತ್ತದೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವಾಗ ಇವುಗಳ ಪಾಚಿಯನ್ನೂ ತೊಳೆಸಬೇಕು.

ರಾತ್ರಿಗೆ, ದೀಪಗಳನ್ನು ಜನ ಇರುವಲ್ಲಿಗೆ ಇಳಿಸಿ. ತೊಲೆಗೆ ಕೊಕ್ಕೆ ಹಾಕಿ, ಸರಪಳಿಯಿಂದ ನೆಲದ ಮೇಲೆ ಏಳೆಂಟು ಅಡಿ ಎತ್ತರಕ್ಕೆ ತೂಗುವ ಟೊಪ್ಪಿಗೆಯ ದೀಪಗಳು ಮೂರು ಇದ್ದರೆ, ಅಡಿಕೆ ಸುಲಿಯುವ ಜಾಗವೂ ಊಟದ ಪಂಕ್ತಿಯೂ ಬೆಳಗುತ್ತವೆ. ಬಣ್ಣ 2700 ಇರಲಿ. ಮರದ ಕೆಂಪು ಆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಗೋಡೆಯ ತಲೆಯ ಮೇಲೆ ಮರೆಯಾಗಿ ಒಂದೆರಡು ಸಣ್ಣ ದೀಪಗಳನ್ನು ಮೇಲ್ಮುಖವಾಗಿ ಇರಿಸಿದರೆ ಮಾಡಿನ ಪಕಾಸಿಗಳ ಸಾಲು ಮಂದವಾಗಿ ಕಂಡು ನೆತ್ತಿಯ ಮೇಲೆ ಕತ್ತಲೆ ಕವಿದಂತೆ ಅನಿಸುವುದಿಲ್ಲ. ಇದಕ್ಕೆಲ್ಲ ಮೊದಲು ಹಳೆಯ ವೈರಿಂಗನ್ನು ಪರೀಕ್ಷಿಸಿ. ಮರದ ಪಟ್ಟಿಯೊಳಗಿನ ಹಳೆಯ ತಂತಿಗಳ ಹೊದಿಕೆ ಒಣಗಿ ಬಿರಿದಿದ್ದರೆ ಅಥವಾ ಇಲಿ ಕಡಿದಿದ್ದರೆ ಒಣಮರದ ಮಾಡಿನಲ್ಲಿ ಅದು ದೊಡ್ಡ ಅಪಾಯ. ನಿಮ್ಮ ಕಡೆ ಸಿಡಿಲು ಹೆಚ್ಚಾದ್ದರಿಂದ ಮುಖ್ಯ ಬೋರ್ಡಿನಲ್ಲಿ, ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು.

ಪ್ರಶ್ನೆ: ದೇವರಮನೆಗೆ ಯಾವ ದೀಪ ಸೂಕ್ತ? ಈಗಿರುವ ಬಿಳಿ ಬಲ್ಬು ಹಾಕಿದರೆ ನಂದಾದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ.
– ಓದುಗರು, ಮೈಸೂರು

ಉತ್ತರ: ಎಣ್ಣೆದೀಪದ ಜ್ವಾಲೆಯ ಬಣ್ಣ ಸುಮಾರು 1900 ಕೆಲ್ವಿನ್. ಅದರ ಪಕ್ಕದಲ್ಲಿ 6500ರ ಬಲ್ಬು ಉರಿದರೆ ಜ್ವಾಲೆ ಸೋತುಹೋಗುತ್ತದೆ, ಹಿತ್ತಾಳೆಯೂ ಬಣ್ಣಗೆಡುತ್ತದೆ. 2700 ಕೆಲ್ವಿನ್‌ನ 3 ವ್ಯಾಟಿನ ದೀಪವನ್ನು ಬಾಗಿಲವಾಡದ ಒಳಬದಿಗೆ, ಕೈಮುಗಿದು ನಿಂತವರ ಕಣ್ಣಿಗೆ ಕಾಣದಂತೆ, ದೇವರ ಕಡೆಗೆ ಮುಖ ಮಾಡಿ ಕೂರಿಸಿ. ಮರದ ಮಂಟಪವಾದರೆ ಜ್ವಾಲೆಯ ಬಿಸಿ ತಾಗುವಲ್ಲಿ ತಂತಿ ಹಾಯಬಾರದು. ಸ್ತೋತ್ರ ಓದಲು ಬೇಕಾದಾಗ ಹೊರಗಿನ ದೀಪವನ್ನು ಹಾಕಿಕೊಳ್ಳಬಹುದು.

ಪ್ರಶ್ನೆ: ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಂಕಾಗಿ ಉರಿಯುತ್ತಿರುತ್ತದೆ. ಬಲ್ಬಿನ ದೋಷವೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಾಮಾನ್ಯವಾಗಿ ಅಲ್ಲ. ಸ್ವಿಚ್‌ನಲ್ಲಿ ಪುಟ್ಟ ಕೆಂಪು ಸೂಚಕ ದೀಪವಿದ್ದರೆ ಅದರ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಎಲ್‌ಇಡಿಯನ್ನು ಮಿಣುಕಿಸಲು ಸಾಕು. ಮೆಟ್ಟಿಲಿನ ಟೂ-ವೇ ಸ್ವಿಚ್‌ನಂತೆ ಉದ್ದದ ತಂತಿಗಳು ಜೊತೆಜೊತೆಯಾಗಿ ಸಾಗಿದ್ದರೂ ಹೀಗಾಗುತ್ತದೆ. ಇವು ನಿರಪಾಯ. ಆದರೆ ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ, ಮತ್ತು ಆಗ ಸ್ವಿಚ್ ಆರಿಸಿದ್ದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಬಲ್ಬು ಬದಲಿಸಲು ಕೈಹಾಕಿದವರಿಗೆ ಶಾಕ್ ಹೊಡೆಯಬಹುದು. ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸುವವರೆಗೆ ಆ ಹೋಲ್ಡರನ್ನು ಮುಟ್ಟುವ ಮೊದಲು ಮೇನ್ ಆರಿಸಿ.

ಪ್ರಶ್ನೆ: ಹಳೆಯ ಚೋಕ್ ಟ್ಯೂಬ್‌ಲೈಟುಗಳನ್ನು ಬದಲಿಸಿದರೆ ಗೃಹಜ್ಯೋತಿಯ ಮಿತಿಯೊಳಗೆ ಉಳಿಯಬಹುದೇ?
– ಓದುಗರು, ಕೊಪ್ಪಳ

ಉತ್ತರ: ನೆರವಾಗುತ್ತದೆ, ಆದರೆ ಅದೊಂದೇ ಸಾಲದು. ತಾಮ್ರದ ಚೋಕ್ ಇರುವ 40 ವ್ಯಾಟಿನ ಟ್ಯೂಬು ಚೋಕ್ ಸೇರಿ 50 ವ್ಯಾಟಿನಷ್ಟು ಎಳೆಯುತ್ತದೆ. ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ ಏಳೂವರೆ ಯೂನಿಟ್. 20 ವ್ಯಾಟಿನ ಎಲ್‌ಇಡಿಗೆ ಮೂರೇ ಯೂನಿಟ್. ನಾಲ್ಕು ಟ್ಯೂಬು ಬದಲಿಸಿದರೆ 18 ಯೂನಿಟ್ ಉಳಿಯುತ್ತದೆ. ಅದೇ 75 ವ್ಯಾಟಿನ ಒಂದು ಹಳೆಯ ಫ್ಯಾನು ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್ ಆಗುತ್ತದೆ. ಟ್ಯೂಬುಗಳ ನಂತರ ಫ್ಯಾನಿನತ್ತ ಗಮನ ಕೊಡಿ. ಮಲಗುವಾಗ ಹಾಕುವ ಹಳೆಯ ‘ಝೀರೋ ಬಲ್ಬು’ ಕೂಡ ಹೆಸರಿಗೆ ಮಾತ್ರ ಝೀರೋ. 12ರಿಂದ 15 ವ್ಯಾಟ್ ಬಳಸುತ್ತದೆ. ಅದರ ಬದಲು ಅರ್ಧ ವ್ಯಾಟಿನ ಎಲ್‌ಇಡಿ ಹಾಕಿ.

ಪ್ರಶ್ನೆ: ಮಳೆ ಶುರುವಾದೊಡನೆ ಜಗಲಿಯ ದೀಪಕ್ಕೆ ಹುಳುಗಳು ಮುತ್ತಿಕೊಂಡು ಕೂರಲಾಗುವುದಿಲ್ಲ. ಯಾವ ದೀಪ ಹಾಕಿದರೆ ಬರುವುದಿಲ್ಲ?
– ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ಹುಳುವೇ ಬಾರದಂತಹ ದೀಪವಿಲ್ಲ, ಕಡಿಮೆ ಬರುವಂಥದ್ದಿದೆ. ಹೆಚ್ಚಿನ ಹುಳುಗಳ ಕಣ್ಣು ನೀಲಿ ಮತ್ತು ಅತಿನೇರಳೆ ಬೆಳಕಿನತ್ತ ಸೆಳೆತವುಳ್ಳದ್ದು. ಹಾಗಾಗಿ ಜಗಲಿಯ ಬಿಳಿ ಟ್ಯೂಬನ್ನು ತೆಗೆಸಿ, 2700 ಅಥವಾ ಅದಕ್ಕಿಂತ ಕೆಳಗಿನ ಹಳದಿ ಎಲ್‌ಇಡಿಯನ್ನು ಹಾಕಿಸಿ, ಅದರ ಬೆಳಕು ಕೆಳಕ್ಕಷ್ಟೇ ಬೀಳುವಂತೆ ಟೊಪ್ಪಿಗೆ ಕೊಡಿಸಿ. ಇರಚಲು ಬಡಿಯುವ ಜಾಗವಾದರೆ ಐಪಿ 65 ಎಂದು ಬರೆದಿರುವ ದೀಪವನ್ನೇ ಕೊಳ್ಳಿ, ಇಲ್ಲವಾದರೆ ನೀರಿನೊಡನೆ ಸತ್ತ ಹುಳುಗಳೂ ಒಳಗೆ ತುಂಬಿಕೊಳ್ಳುತ್ತವೆ. ಮೊದಲ ಮಳೆಯ ನಂತರ ರೆಕ್ಕೆ ಬಂದ ಗೆದ್ದಲುಗಳು ಏಳುವ ಸಂಜೆಗಳಲ್ಲಿ ಮಾತ್ರ ಯಾವ ಬಣ್ಣವೂ ಹೆಚ್ಚು ಫಲ ಕೊಡುವುದಿಲ್ಲ. ಅಂತಹ ಸಂಜೆ ಜಗಲಿಯ ದೀಪವನ್ನು ತುಸು ಹೊತ್ತು ಆರಿಸಿ, ಅಂಗಳದ ತುದಿಯಲ್ಲಿ ಬಿಳಿ ದೀಪವೊಂದನ್ನು ಹಚ್ಚಿಡಿ; ಹುಳುಗಳು ಅತ್ತ ಹೋಗುತ್ತವೆ.